ಕಳಲೆಯ ಚಾಪೆ, ನರಸೀಪುರದ ತುರುಪು

ಇಪ್ಪತ್ತೆಂಟು ಆಟದಲ್ಲಿ ರಾಜನ ಬೆಲೆ ಸೊನ್ನೆ. ರಾಣಿಯದೂ ಸೊನ್ನೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೊಂದು, ಹತ್ತಕ್ಕೊಂದು. ನಾಲ್ಕೂ ಬಣ್ಣ ಕೂಡಿಸಿದರೆ ಇಪ್ಪತ್ತೆಂಟು. ಆಟಕ್ಕೆ ಹೆಸರು ಬಂದದ್ದೇ ಅಲ್ಲಿಂದ. ಮೈಸೂರು ಸೀಮೆಯಲ್ಲಿ ಹುಟ್ಟಿಯೂ ಇದು ಗೊತ್ತಿಲ್ಲ ಅನ್ನುವವರು ಎರಡೇ ಥರ. ಒಂದು, ಇಸ್ಪೀಟು ಅಂದಕೂಡಲೇ ಮೂಗು ಮುರಿದು, ಆಮೇಲೆ ಬಚ್ಚಲಮನೆ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ರಮ್ಮಿ ಒತ್ತುವ ಸಂಭಾವಿತರು. ಇನ್ನೊಂದು, ಹೆಂಗಸರು. ಮೊದಲನೆಯವರಿಗೆ ಕಲಿಯುವ ಮನಸ್ಸಿಲ್ಲ. ಎರಡನೆಯವರಿಗೆ ಯಾರೂ ಎಲೆ ಹಾಕಲಿಲ್ಲ.

ದೇವೀರಮ್ಮ ಹೆಂಗಸು. ಆದರೂ ಗೊತ್ತಿತ್ತು. ಅವಳ ಅಪ್ಪ, ನಂಜನಗೂಡು ಕಡೆಯ ಹೆಡತಲೆಯ ಬೆಟ್ಟಸ್ವಾಮಿಗೆ ಇಪ್ಪತ್ತೆಂಟು ಅಂದರೆ ಊಟ ಬೇಡ, ನೀರು ಬೇಡ. ಆದರೆ ಆಟಕ್ಕೆ ನಾಲ್ಕು ಜನ ಬೇಕೇ ಬೇಕು, ಎದುರುಬದುರು ಕೂತವರು ಜೊತೆಗಾರರು. ನಾಲ್ಕನೆಯವನು ಒಂದು ಸಂಜೆ ಗದ್ದೆಗೆ ನೀರು ಕಟ್ಟಲು ಎದ್ದುಹೋದ. ಬೆಟ್ಟಸ್ವಾಮಿ ಸುತ್ತಲೂ ನೋಡಿದ. ಗಂಡುಹುಡುಗರೆಲ್ಲ ಕೆರೆ ಏರಿ ಮೇಲೆ ಗೋಲಿ ಆಡುತ್ತಿದ್ದರು. ಬಾಗಿಲಲ್ಲಿ ಮಗಳು ನಿಂತಿದ್ದಳು.

"ಬಾ ಮಗ, ಕೂತ್ಕೊ. ನೀನೇನೂ ಆಡ್ಬೇಡ, ಸುಮ್ಕೆ ಎಲೆ ಇಡ್ಕೊಂಡಿರು ಸಾಕು."

ಅವಳು ಸುಮ್ಮನೆ ಹಿಡಿದುಕೊಂಡಿರಲಿಲ್ಲ. ಬಿದ್ದ ಎಲೆಯನ್ನೆಲ್ಲ ತಲೆಯೊಳಗೆ ಜೋಡಿಸಿಟ್ಟುಕೊಂಡು, ಕೊನೆಯ ಸುತ್ತಿನಲ್ಲಿ ಚಿಕ್ಕಪ್ಪನ ಎಕ್ಕದ ಮೇಲೆ ಒಂಬತ್ತು ಕುಕ್ಕಿದಳು. ಚಿಕ್ಕಪ್ಪ ಎಲೆ ಎಸೆದು ಎದ್ದ. ಬೆಟ್ಟಸ್ವಾಮಿ ಮೀಸೆಯೊಳಗೇ ನಕ್ಕ. ನೀರು ಕಟ್ಟಲು ಹೋದವನು ಅವತ್ತಿನಿಂದ ಎಷ್ಟು ಬೇಗ ಬಂದರೂ ಅವನ ಜಾಗ ಅವನಿಗೆ ಸಿಗಲಿಲ್ಲ.

ಹಾಗೆ ಆಡುತ್ತ ಬೆಳೆದ ಹುಡುಗಿಯನ್ನು ತಿ. ನರಸೀಪುರದ ರಂಗಸ್ವಾಮಿಗೆ ಕೊಟ್ಟರು. ಒಳ್ಳೆಯ ಮನೆ. ನಾಲೆ ಬಯಲಿನಲ್ಲಿ ಗದ್ದೆ, ಹಿತ್ತಿಲಲ್ಲಿ ಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಬೀದಿಗೆ ಮುಖ ಮಾಡಿದ ಅಗಲವಾದ ಜಗಲಿ. ಭಾನುವಾರ ಮಧ್ಯಾಹ್ನ ಆ ಜಗಲಿಯ ಮೇಲೆ ಈಚಲು ಚಾಪೆ ಹಾಸಿ, ನಾಲ್ಕು ಗಂಡಸರು ಕೂತು ಎಲೆ ಕಲಸುವುದನ್ನು ನೋಡಿದಾಗ ಹೊಸ ಮದುವಣಗಿತ್ತಿಯ ಎದೆ ಹಿಗ್ಗಿತು. ತವರಿನ ಆಟ ತನಗಿಂತ ಮುಂಚೆ ಬಂದು ಇಲ್ಲಿ ಕೂತಿದೆ ಅಂದುಕೊಂಡಳು.

ಕಾಫಿ ತಟ್ಟೆ ಹಿಡಿದು ಜಗಲಿಗೆ ಹೋದವಳು ಅಲ್ಲೇ ತಡೆದು ನಿಂತಳು. ಗಂಡನ ಕೈಯಲ್ಲಿ ಇಳಿದ ಬಣ್ಣದ ಎಲೆ ಇರಲಿಲ್ಲ. "ತುರುಪು ತೆಗಿ" ಅಂದ. ಎದುರಾಳಿ ತೊಡೆ ಕೆಳಗೆ ಬಚ್ಚಿಟ್ಟಿದ್ದ ಎಲೆ ತೆಗೆದು ತೋರಿಸಿದ: ಡೈಮನ್. ಆ ಆಟಕ್ಕೆ ಮಿಕ್ಕ ಬಣ್ಣವನ್ನೆಲ್ಲ ಹೊಡೆಯುವ ಬಣ್ಣ ಅದು. ಗಂಡನ ಕೈಯಲ್ಲಿ ಡೈಮನ್ ಇದ್ದದ್ದು ಹಿಂದೆ ನಿಂತಿದ್ದ ಇವಳಿಗೆ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಆ ಮಹಾರಾಯ ಡೈಮನ್ ಇಳಿಸದೆ, ಯಾವುದೋ ಕೆಲಸಕ್ಕೆ ಬಾರದ ಇಸ್ಪೇಟು ಏಳು ಎಸೆದು ಆರಾಮಾಗಿ ಕಾಫಿಗೆ ಕೈ ಚಾಚಿದ.

ಹೆಡತಲೆಯಲ್ಲಿ ಇದಕ್ಕೆ ಒಂದೇ ಹೆಸರು. ಕಳ್ಳಾಟ. ತುರುಪು ತೆಗೆಸಿದವನು ಕೈಯಲ್ಲಿ ತುರುಪಿದ್ದರೆ ಹೊಡೆಯಲೇಬೇಕು. ಹೊಡೆಯದೆ ಬೇರೆ ಎಲೆ ಹಾಕಿದ ಅಂದರೆ ಅವನಲ್ಲಿ ತುರುಪಿಲ್ಲ ಅಂತ ಆಣೆ ಮಾಡಿದ ಹಾಗೆ.

ಪಾಪ, ಆ ಹುಡುಗಿ ಒಂದು ವಾರ ಗಂಡನ ಮುಖವನ್ನು ಓರೆಗಣ್ಣಲ್ಲೇ ನೋಡಿದಳು. ಚೆನ್ನಾಗಿ ಮಾತಾಡುತ್ತಾನೆ, ಹಸುವಿಗೆ ಹೊಡೆಯುವುದಿಲ್ಲ, ಅತ್ತೆಗೂ ಎದುರಾಡುವುದಿಲ್ಲ. ಆದರೆ ಕಳ್ಳ. ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು? ಮುಂದಿನ ಭಾನುವಾರ ನೋಡಿದರೆ ಅಲ್ಲಿ ಕೂತಿದ್ದ ನಾಲ್ವರೂ ಅದನ್ನೇ ಮಾಡುತ್ತಿದ್ದರು, ಯಾರೂ ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಆಗ ಅವಳಿಗೆ ಹೊಳೆಯಿತು. ಇಲ್ಲಿಯ ಕಾನೂನೇ ಬೇರೆ. ನರಸೀಪುರದಲ್ಲಿ ತುರುಪು ತೆಗೆಸುವುದು ನೋಡುವುದಕ್ಕೆ. ಹೊಡೆಯುವುದು ಬಿಡುವುದು ಅವರವರ ಇಷ್ಟ.

ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ ನೆಟ್ಟಗೆ ಒಂದು ನಿದ್ದೆ ಆಗುವಷ್ಟೂ ದಾರಿಯಿಲ್ಲ. ಅಷ್ಟರೊಳಗೆ ಆಟ ಎಷ್ಟು ಬದಲು! ಹೆಡತಲೆ ಕಡೆ ಮುಚ್ಚಿದ ತುರುಪನ್ನು ಹಿತ್ತಾಳೆ ಲೋಟದ ಕೆಳಗಿಡುತ್ತಾರೆ, ಎಲ್ಲರ ಕಣ್ಣಿಗೂ ಬೀಳಲಿ ಅಂತ. ನರಸೀಪುರದಲ್ಲಿ ತೊಡೆಯ ಕೆಳಗೆ. ಹೆಡತಲೆಯಲ್ಲಿ ತುರುಪಿನ ರಾಜ ರಾಣಿ ಇಬ್ಬರೂ ಒಂದೇ ಕೈಗೆ ಬಂದರೆ ಅದು ಜೋಡಿ. ಇಷ್ಟು ಅಂಕ ಗಳಿಸುತ್ತೇನೆ ಅಂತ ಕೂಗಿದ ಲೆಕ್ಕದಲ್ಲಿ ನಾಲ್ಕು ಇಳಿಯುತ್ತದೆ. ನರಸೀಪುರದಲ್ಲಿ ಜೋಡಿಗೆ ಮೂರು ಕಾಸಿನ ಬೆಲೆಯಿಲ್ಲ. ಎರಡೂ ಕಡೆ ಒಂದೇ ಆದದ್ದು ಒಂದೇ ಒಂದು: ಆಟ ನಡೆಯುವಾಗ ಜೊತೆಗಾರರು ಪರಸ್ಪರ ತುಟಿ ಬಿಚ್ಚುವಂತಿಲ್ಲ.

ಇನ್ನೊಂದೂ ವ್ಯತ್ಯಾಸವಿತ್ತು. ಅದನ್ನು ಗಂಡಸರು ಪದ್ಧತಿಯ ಪಟ್ಟಿಗೆ ಸೇರಿಸುವುದೇ ಇಲ್ಲ. ಹೆಡತಲೆಯಲ್ಲಿ ದೇವೀರಮ್ಮನಿಗೆ ಎಲೆ ಹಾಕುತ್ತಿದ್ದರು. ನರಸೀಪುರದಲ್ಲಿ ಹಾಕಲಿಲ್ಲ.

ಒಮ್ಮೆ ಕೇಳಿದಳು. ಯಾರೋ ಬಂದಿರಲಿಲ್ಲ, ಮೂವರೇ ಕೂತು ಆಕಳಿಸುತ್ತಿದ್ದರು. "ನಾನು ಕೂರ್ಲಾ?" ಅಂದಳು. ಗಂಡನ ದಾಯಾದಿ ಚಂದ್ರಶೇಖರ್, ಭಾನುವಾರದ ಖಾಯಂ ಜೊತೆಗಾರ, ನಕ್ಕ. "ಅತ್ಗೆ, ನೀವ್ ಕೂತ್ರೆ ಪಕೋಡ ಯಾರ್ ಕರಿಯೋರು?" ರಂಗಸ್ವಾಮಿಯೂ ನಕ್ಕ. ಕೆಟ್ಟ ಮನುಷ್ಯನಲ್ಲ, ಕೇಡು ನೆನೆದು ನಕ್ಕಿದ್ದಲ್ಲ. ಅದೇ ತೊಂದರೆ. ಕೇಡು ನೆನೆಯದೇ ಒಂದು ಜೀವವನ್ನು ಮೂವತ್ತು ವರ್ಷ ಬಾಗಿಲ ಸಂದಿಯಲ್ಲಿ ನಿಲ್ಲಿಸಬಹುದು; ನಮ್ಮ ಎಷ್ಟೋ ಒಳ್ಳೆಯ ಮನೆಗಳು ಇದನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತವೆ.

ಅವಳು ಪಕೋಡ ಕರಿದಳು. ತಟ್ಟೆ ಇಡುವ ನೆಪದಲ್ಲಿ ನಾಲ್ಕೂ ಕೈ ನೋಡಿಕೊಂಡು ಹೋಗಿ, ಒಲೆ ಮುಂದೆ ಕೂತು ಆಟವನ್ನು ತಲೆಯಲ್ಲೇ ಆಡಿ ಮುಗಿಸುತ್ತಿದ್ದಳು. ಎಷ್ಟೋ ಸಲ ಜಗಲಿಯಲ್ಲಿ ಗಂಡ ಸೋಲುವ ಹೊತ್ತಿಗೆ ಒಲೆಯ ಮುಂದೆ ಹೆಂಡತಿ ಅದೇ ಎಲೆಗಳಲ್ಲಿ ಗೆದ್ದಿರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಚಾಪೆಯ ಮೇಲೆ ಒಂದು ಮೂಲೆ, ಕೈಯಲ್ಲಿ ಎಂಟೆಲೆ, ಶುರುವಿನಿಂದ ಕೊನೆವರೆಗೆ ಒಂದು ಪೂರ್ತಿ ಆಟ. ಎಲ್ಲರ ಕಣ್ಣೆದುರಿಗೆ.

ಅದು ಸಿಕ್ಕಿದ್ದು ಮಗನ ಮದುವೆಯಲ್ಲಿ.

ಮಗ ರವಿಗೆ ನಂಜನಗೂಡಿನ ಪಕ್ಕದ ಕಳಲೆಯ ಮಾದಪ್ಪನ ಮಗಳು ಕವನಳನ್ನು ತಂದುಕೊಂಡರು. ಮದುವೆ ನಂಜನಗೂಡಿನ ಛತ್ರದಲ್ಲಾಯಿತು. ಆಮೇಲೆ ಹೆಣ್ಣಿನ ಕಡೆಯವರ ಬೀಗರೂಟ, ಕಳಲೆಯಲ್ಲಿ. ಬೀಗರೂಟ ಅಂದರೆ ಗೊತ್ತಲ್ಲ, ಮುದ್ದೆ, ಮಟನ್ನು, ಬೋಟಿಗೊಜ್ಜು, ಬಡಿಸುವವರಿಗೂ ತಿನ್ನುವವರಿಗೂ ಪಂಥ. ಮಾದಪ್ಪನ ವಂಶದಲ್ಲಿ ಅದಕ್ಕೊಂದು ಬಾಲ ಇತ್ತು. ಊಟವಾದ ಮೇಲೆ ಗಂಡಿನ ಕಡೆ ಇಬ್ಬರು, ಹೆಣ್ಣಿನ ಕಡೆ ಇಬ್ಬರು ಕೂತು ಒಂದು ಬೀಗರಾಟ ಆಡಲೇಬೇಕು. ದುಡ್ಡಿಲ್ಲ ಕಾಸಿಲ್ಲ. ಒಂದೊಂದು ಕಡೆಗೆ ಆರಾರು ಹುಣಿಸೆಬೀಜ. ಸೋತ ಆಟಕ್ಕೊಂದು ಬೀಜ ಹೋಗುತ್ತದೆ. ಎಲ್ಲ ಬೀಜ ಕಳೆದುಕೊಂಡವರ ಕಿವಿಗೆ ಬಾಳೆನಾರು ಕಟ್ಟಿ, ಅವರ ಕೈಯಲ್ಲೇ ಊರಿಗೆಲ್ಲ ವೀಳ್ಯದೆಲೆ ಹಂಚಿಸುವುದು. ಮಾದಪ್ಪನ ಅಪ್ಪನ ಕಾಲದ ಬೀಗರ ಕಿವಿಯ ಬಾಳೆನಾರಿನ ಕಥೆಗಳು ಕಳಲೆಯಲ್ಲಿ ಇನ್ನೂ ಚಾಲ್ತಿಯಲ್ಲಿವೆ.

ಚಾಪೆ ಹಾಸಿದರು. ಮಾದಪ್ಪ ಕೂತ. ಎದುರಿಗೆ ಅವನ ಭಾಮೈದ, ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಪ್ರೇಮ್‌ಕುಮಾರ್. ಈ ಕಡೆ ರಂಗಸ್ವಾಮಿ ಪಂಚೆ ಎತ್ತಿ ಕೂತ. ಅವನೆದುರಿನ ಜಾಗ ಖಾಲಿ.

"ಎಲ್ಲಿ ನಮ್ ಚಂದ್ರ?"

ಚಂದ್ರಶೇಖರ್ ಬೋಟಿಗೊಜ್ಜಿನ ಪಂಥ ಗೆದ್ದು, ವ್ಯಾನಿನ ಹಿಂದಿನ ಸೀಟಿನಲ್ಲಿ ಬೆಲ್ಟು ಸಡಿಲಿಸಿ ಮಲಗಿ, ಕಿಟಕಿಯಿಂದ ಸೋಡಾ ಸೋಡಾ ಅಂತ ನರಳುತ್ತಿದ್ದ. ಮಗ ರವಿಯನ್ನು ಕರೆದರು. "ಅಪ್ಪ, ನಂಗೆ ಫೋನಲ್ಲಿ ರಮ್ಮಿ ಆಡಿದ್ದಷ್ಟೇ ಗೊತ್ತು" ಅಂದ. ಮಿಕ್ಕ ಗಂಡಸರು ಒಬ್ಬೊಬ್ಬರಾಗಿ ಕೈ ಒರೆಸಿಕೊಳ್ಳುತ್ತ ಹಿಂದೆ ಸರಿದರು. ಬಾಳೆನಾರು ಯಾರಿಗೆ ಬೇಕು?

"ಏನ್ ಬೀಗ್ರೆ," ಮಾದಪ್ಪ ಮೀಸೆ ಮೇಲೆ ಕೈ ಹಾಕಿದ, "ನಿಮ್ಮೂರಲ್ಲಿ ಇನ್ನೊಬ್ಬ ಗಂಡ್ಸು ಸಿಕ್ಕಾಕಿಲ್ವ? ಆಟ ಆಡ್ದೇನೇ ನಾರು ಕಟ್ಬುಡವಾ?"

"ನಾನು ಕೂರ್ತೀನಿ" ಅಂದಳು ದೇವೀರಮ್ಮ.

ಎಂಜಲೆಲೆ ಎತ್ತುತ್ತಿದ್ದವರೂ ಕೈ ಬಿಟ್ಟು ತಿರುಗಿ ನೋಡಿದರು.

"ಸುಮ್ಕಿರಮ್ಮಿ" ಅಂದ ರಂಗಸ್ವಾಮಿ, ಹಲ್ಲು ಕಚ್ಚಿಕೊಂಡು. "ಇದೇನ್ ಚೌಕಾಬಾರ ಕೆಟ್ಟೋಯ್ತಾ?"

"ನಂಗೊತ್ತು, ಇಪ್ಪತ್ತೆಂಟು ಕನ. ನಮ್ಮಪ್ಪ ಬೆಟ್ಟಸ್ವಾಮಿ."

ಮಾದಪ್ಪ ಮೀಸೆಯಿಂದ ಕೈ ತೆಗೆದ. "ಯಾರು? ಎಡತಲೆ ಬೆಟ್ಟಸ್ವಾಮ್ಯೋರಾ? ಅವ್ರ್ ಮಗಳಾ ನೀವು? ಕೂತ್ಕಳಿ ತಾಯಿ, ಕೂತ್ಕಳಿ! ಲೇ ಪ್ರೇಮ, ಎಲೆ ಸರ್ಯಾಗ್ ಕಲ್ಸಪ್ಪಾ, ಇವತ್ತು ಗ್ರಾಚಾರ ಐತೆ."

ಕೂತಳು. ಜರಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ನಾಲ್ಕೆಲೆ ಬಂತು. ಅದನ್ನು ಬೀಸಣಿಗೆಯ ಹಾಗೆ ಅಗಲಿಸುವಾಗ ಅವಳ ಬೆರಳು ನಡುಗಿದ್ದು ಎದುರಿಗಿದ್ದ ಗಂಡನಿಗೆ ಕಂಡಿತು. ಹೆದರಿದ್ದಾಳೆ ಅಂದುಕೊಂಡ. ಅಷ್ಟು ವರ್ಷ ಸಂಸಾರ ಮಾಡಿಯೂ ಹೆಂಡತಿಯ ಖುಷಿಗೂ ಹೆದರಿಕೆಗೂ ವ್ಯತ್ಯಾಸ ತಿಳಿಯದ ಗಂಡಸರ ಸಂಘ ಕಟ್ಟಿದರೆ ಅದಕ್ಕೆ ಸದಸ್ಯರ ಕೊರತೆ ಬರುವುದಿಲ್ಲ.

ಆಟ ಏರಿತು. ಅಂಗಳದ ಹೆಂಗಸರೆಲ್ಲ ತೊಳೆಯುವ ಪಾತ್ರೆ ಬಿಟ್ಟು ಬಂದು ಕಂಬಗಳ ಸುತ್ತ ನಿಂತರು. ದೇವೀರಮ್ಮ ಇಳಿಸಿದ ಒಂದೊಂದು ಒಂಬತ್ತಿಗೂ ಅಲ್ಲಿಂದ "ಹೋ" ಅನ್ನುವ ಸದ್ದು. ಹೊಸ ಸೊಸೆ ಕವನ ಬಾಗಿಲಲ್ಲಿ ನಿಂತು ಅಪ್ಪನ ಕಡೆಗಿರಬೇಕೋ ಅತ್ತೆಯ ಕಡೆಗಿರಬೇಕೋ ತಿಳಿಯದೆ ಎರಡೂ ಕಡೆಗೆ ಚಪ್ಪಾಳೆ ತಟ್ಟುತ್ತಿದ್ದಳು. ನೋಡನೋಡುತ್ತ ಮಾದಪ್ಪನ ಕಡೆ ಒಂದೇ ಬೀಜ ಉಳಿಯಿತು. ದೇವೀರಮ್ಮನ ಕಡೆ ಎರಡು.

ಆಗ ಆದದ್ದು ಇದು.

ಮಾದಪ್ಪ ಹದಿನೇಳು ಕೂಗಿ, ತುರುಪನ್ನು ಹಿತ್ತಾಳೆ ಲೋಟದ ಕೆಳಗಿಟ್ಟ. ಕಳಾವರ್ ಏಳು ಇಳಿಸಿದ. ದೇವೀರಮ್ಮ ಎಂಟು ಹಾಕಿದಳು. ಪ್ರೇಮ್‌ಕುಮಾರ್ ರಾಜ. ಬರೀ ಜೊಳ್ಳು, ಸುತ್ತಿನಲ್ಲಿ ಒಂದು ಅಂಕವೂ ಇಲ್ಲ. ರಂಗಸ್ವಾಮಿಯ ಹತ್ತಿರ ಕಳಾವರ್ ಇರಲಿಲ್ಲ.

"ತುರುಪು ತೆಗೀರಿ."

ಮಾದಪ್ಪ ಲೋಟ ಎತ್ತಿದ. ಆಟೀನು. ರಂಗಸ್ವಾಮಿ ತನ್ನ ಎಲೆ ನೋಡಿಕೊಂಡ, ತಲೆದೂಗಿದ, ಡೈಮನ್ ಏಳು ಎಸೆದ.

ದೇವೀರಮ್ಮ ಚಾಪೆಯ ಮೇಲೆ ಬಿದ್ದ ಆ ಏಳನ್ನೇ ನೋಡಿದಳು. ನಂಜನಗೂಡು ಕಡೆಯ ಲೆಕ್ಕದಲ್ಲಿ ಇವನ ಹತ್ತಿರ ಆಟೀನು ಇಲ್ಲ ಅಂತ ಆಯಿತು. ಆದರೆ ಇವನು ನರಸೀಪುರದವನು, ಇದ್ದರೂ ಇರಬಹುದು. ಹೇಳೋಣ ಅಂದರೆ ಆಟದ ಮಧ್ಯೆ ಜೊತೆಗಾರರು ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಅದೇ ಕಳ್ಳಾಟ. ಎಲೆಗಳನ್ನು ಎದೆಗೊತ್ತಿಕೊಂಡು ಕೂತಳು.

ಎರಡು ಸುತ್ತು ಕಳೆಯಿತು. ರಂಗಸ್ವಾಮಿಯ ಬಳಿ ತುರುಪಿಲ್ಲ ಅನ್ನುವ ಧೈರ್ಯದ ಮೇಲೆ ಪ್ರೇಮ್‌ಕುಮಾರ್ ಕಳಾವರ್ ಗುಲಾಮನನ್ನು ಕುಕ್ಕಿದ. ಮೂರು ಅಂಕದ ಎಲೆ. ರಂಗಸ್ವಾಮಿ ನಗುತ್ತ, ನಿಧಾನಕ್ಕೆ, ಅದರ ಮೇಲೆ ಆಟೀನು ಒಂಬತ್ತು ಮಲಗಿಸಿದ.

ಪ್ರೇಮ್‌ಕುಮಾರ್ ಆ ಎಲೆಯನ್ನು ಹಾವು ನೋಡಿದ ಹಾಗೆ ನೋಡಿದ. "ಇದೆಲ್ಲಿತ್ತು?"

"ಎಲ್ಲಿತ್ತು ಅಂದ್ರೆ? ಕೈಯಲ್ಲಿತ್ತು."

"ಆಗ್ಲೇ ತುರುಪು ತೆಗ್ಸಿದ್ರಲ್ಲ, ಹೊಡೀಲಿಲ್ಲ?"

"ನನ್ನಿಷ್ಟ."

"ಇಷ್ಟ ಅಂತೆ!" ಮಾದಪ್ಪ ತನ್ನ ಎಲೆಗಳನ್ನು ಚಾಪೆಗೆ ಬಡಿದ. "ಬೀಗ್ರೆ, ಬ್ಯಾರೆಯವ್ರು ಆಗಿದ್ರೆ ಇದ್ಕೆ ಕಳ್ಳಾಟ ಅಂತಿದ್ದೊ."

"ಕಳ್ಳಾಟವಾ?" ರಂಗಸ್ವಾಮಿ ಎದ್ದೇಬಿಟ್ಟ. "ನರಸೀಪುರದಲ್ಲಿ ನನ್ ಎಸರು ಯೋಳಿ ನೋಡ್ರೀ! ಎಣ್ಣು ತಂದಿದ್ದೀವಿ ಅಂತ ಎಂಜಲು ಕೈಯಲ್ಲಿ ಬೈಸ್ಕಳಕ್ ಬಂದಿಲ್ಲ ನಾವು. ಲೇ ರವಿ, ವ್ಯಾನ್ ತಿರುಗ್ಸೋಕ್ ಯೋಳ್ಲಾ!"

ಅಂಗಳ ಎರಡು ಭಾಗವಾಯಿತು. ಸರಾಗವಾಗಿ ಮಟನ್ ಹಂಚಿಕೊಂಡ ಕೈಗಳು ಬೆರಳೆತ್ತಿ ಎದುರಾಬದುರಾದವು. ಕವನಳ ಚಪ್ಪಾಳೆ ಅರ್ಧದಲ್ಲಿ ನಿಂತಿತು. ಆ ಗಲಾಟೆಯೊಳಗೆ ವ್ಯಾನಿನ ಕಿಟಕಿಯಿಂದ ಚಂದ್ರಶೇಖರನ ದನಿ ತೂರಿಬಂತು, ಸೋಡಾದ ತೇಗಿನ ಸಮೇತ:

"ಅದ್ಕೇ ಯೋಳೋದು, ಎಂಗಸ್ರನ್ನ ಆಟುಕ್ ಕೂರ್ಸ್‌ಬಾರ್ದು ಅಂತ!"

ನೋಡಿ ಸ್ವಾಮಿ, ಹೇಗಿದೆ ನ್ಯಾಯ. ಎಲೆ ಹಾಕಿದವನು ಗಂಡಸು, ಬೈದವನು ಗಂಡಸು, ಬೈಸಿಕೊಂಡು ಹಾರಾಡಿದವನು ಗಂಡಸು. ಆಟ ಕೆಟ್ಟಿದ್ದು ಮಾತ್ರ ಬಾಯಿ ಮುಚ್ಚಿಕೊಂಡು ಕೂತಿದ್ದ ಹೆಂಗಸಿನಿಂದ. ದೇವೀರಮ್ಮನಿಗೆ ಅರ್ಥವಾಯಿತು. ಈಗ ಎಲ್ಲರೂ ಎದ್ದುಹೋದರೆ, ಮುಂದೆ ಅವಳು ಸಾಯುವವರೆಗೂ ಯಾವ ಚಾಪೆಯ ಹತ್ತಿರ ಹೋದರೂ ಇದೇ ಮಾತು ಬರುತ್ತದೆ: ಕಳಲೆಯಲ್ಲಿ ಏನಾಯ್ತು ಜ್ಞಾಪಕ ಇದೆಯಾ?

ಅವಳು ಏಳಲಿಲ್ಲ. ಎಲೆಗಳೂ ಎದೆಯಿಂದ ಕದಲಲಿಲ್ಲ.

"ಕೂತ್ಕಳಿ" ಅಂದಳು ಗಂಡನಿಗೆ.

ಅವನು ಕೇಳಿಸಿಕೊಳ್ಳಲಿಲ್ಲ.

"ಕೂತ್ಕಳಿ ಅಂದೆ. ಆಟ ಮುಗ್ದಿಲ್ಲ." ಆಮೇಲೆ ಮಾದಪ್ಪನ ಕಡೆ ತಿರುಗಿದಳು. "ಅಣ್ಣ, ಇವ್ರು ಕಳ್ಳ ಅಲ್ಲ. ನಾನೂ ಮದ್ವೆ ಆದ ವಾರದಲ್ಲಿ ಇವ್ರನ್ನ ಕಳ್ಳ ಅಂತ್ಲೇ ತಿಳ್ಕಂಡಿದ್ದೆ."

ಕಂಬದ ಬಳಿ ಯಾರೋ ಹೆಂಗಸು ಕಿಸಕ್ಕೆಂದಳು. ರಂಗಸ್ವಾಮಿ ಬಾಯಿ ತೆರೆದುಕೊಂಡು ನಿಂತ. "ಏನಂದೆ?"

"ಹೂಂ. ಒಂದ್ ವಾರ. ನಿಮ್ ಮೊಖ ನೋಡಕ್ಕೂ ಆಗ್ತಿರ್ನಿಲ್ಲ. ಆಮ್ಯಾಕ್ ಗೊತ್ತಾಯ್ತು, ನರಸೀಪುರದಲ್ಲಿ ಆ ಪದ್ಧತಿನೇ ಇಲ್ಲ. ತುರುಪು ತೆಗ್ಸಿದ್ರೆ ಒಡೀಲೇಬೇಕು ಅಂತಿಲ್ಲ ಅಲ್ಲಿ. ನಮ್ ಕಡೆ ಒಡೀಬೇಕು. ಎರಡೂ ಸರಿಯೇ. ಎಲೆ ಆಕೋಕ್ ಮುಂಚೆ ಯಾವೂರ್ ಪದ್ಧತಿ ಅಂತ ಯಾರ್ ಕೇಳುದ್ರಿ? ನೀವು ಕೇಳುದ್ರ ಅಣ್ಣ? ಇವ್ರು ಕೇಳುದ್ರ?"

ಮಾದಪ್ಪ ಪ್ರೇಮ್‌ಕುಮಾರನ ಮುಖ ನೋಡಿದ. "ನಮ್ ಫ್ಯಾಕ್ಟ್ರೀಲಿ ಆರ್ ಜನ ಕೂತು ಎರಡ್ ಕಟ್ಟಲ್ಲಿ ಐವತ್ತಾರು ಆಡ್ತೀವಿ ಭಾವ" ಅಂದ ಪ್ರೇಮ್‌ಕುಮಾರ್ ತಲೆ ಕೆರೆದುಕೊಂಡು. "ಅಲ್ಲಿ ಊರೂರೋರೂ ಇರ್ತಾರೆ. ಶುರುವಲ್ಲೇ ಮಾತಾಡ್ಕೊಂತೀವಿ. ಇಲ್ಲಿ ಮನೆಯೋರೇ ಅಲ್ವಾ ಅಂತ ಬಿಟ್ಟೆ."

"ಹಂಗಾದ್ರೆ ಈಗ ಯಾವ್ ಪದ್ಧತಿ?" ಮಾದಪ್ಪ ಕೇಳಿದ.

"ನಂದೇ!" ಅಂದ ರಂಗಸ್ವಾಮಿ. "ನಾವು ಗಂಡಿನ್ ಕಡೆಯೋರು."

ದೇವೀರಮ್ಮ ಗಂಡನನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಎಷ್ಟೋ ಕಾಲದಿಂದ ನುರಿದು ನುಣ್ಣಗಾದ ಮಾತು ಅದು.

"ನಾನು ಮೂವತ್ ವರ್ಷ ನಿಮ್ ಮನೇಲಿ ನಿಮ್ ಪದ್ಧತಿ ನಡ್ಸಿದ್ದೀನಿ. ಸಾರಿನ್ ಪುಡಿ ನಿಮ್ದು, ಅಬ್ಬದ್ ಲೆಕ್ಕ ನಿಮ್ದು, ಹಸ ಕರಿಯೋ ಕೂಗೂ ನಿಮ್ದೇಯ. ನಿಂದ್ಯಾವ್ ಪದ್ಧತಿ ಅಂತ ನನ್ನ ಯಾರೂ ಕೇಳ್ನಿಲ್ಲ. ನೀವು ಇವ್ರ್ ಮನೇಲಿ ಒಂದ್ ಮಧ್ಯಾಹ್ನ ಇವ್ರ್ ಪದ್ಧತಿ ನಡ್ಸಕ್ಕಾಗಲ್ವ?"

ಕಂಬದ ಸುತ್ತ ನಿಂತ ಹೆಂಗಸರಲ್ಲಿ ಯಾರೂ ನಗಲಿಲ್ಲ. ಅವರೆಲ್ಲ ಬೇರೆ ಬೇರೆ ಊರಿಂದ ಬಂದವರು.

ರಂಗಸ್ವಾಮಿ ಮಾದಪ್ಪನನ್ನು ನೋಡಿದ, ವ್ಯಾನನ್ನು ನೋಡಿದ, ಬಾಗಿಲಲ್ಲಿ ಉಗುರು ಕಚ್ಚುತ್ತಿದ್ದ ಸೊಸೆಯನ್ನು ನೋಡಿದ. ಪಂಚೆ ಸರಿಮಾಡಿಕೊಂಡು ಕೂತ.

"ಈ ಆಟ ನಿಮ್ದೇ" ಅಂತ ದೇವೀರಮ್ಮ ತನ್ನ ಕಡೆಯ ಎರಡು ಬೀಜಗಳಲ್ಲಿ ಒಂದನ್ನು ತಾನೇ ಎತ್ತಿ ಆಚೆ ಹಾಕಿದಳು. "ಒಂದು, ಒಂದು. ಇನ್ ಮೇಲೆ ಕಳಲೆ ಪದ್ಧತಿ. ಆಕ್ಲಾ ಪ್ರೇಮ ಎಲೆಯ."

ಬೀಗಿತ್ತಿ ಬಾಯಲ್ಲಿ "ಲಾ" ಕೇಳಿ ಪ್ರೇಮ್‌ಕುಮಾರ್ ಬೆಚ್ಚಿ ಎಲೆ ಹಾಕಿದ.

ಅವಳ ಕೈಗೆ ಬಂದ ಮೊದಲ ನಾಲ್ಕು: ಕಳಾವರ್ ಗುಲಾಮ, ಕಳಾವರ್ ಎಕ್ಕ, ಕಳಾವರ್ ರಾಣಿ, ಇಸ್ಪೇಟು ಗುಲಾಮ. ರಂಗಸ್ವಾಮಿ ಬೇಡ ಅಂದ. ಮಾದಪ್ಪ ಹದಿನೆಂಟು ಅಂದ.

"ಇಪ್ಪತ್ತು" ಅಂದಳು ದೇವೀರಮ್ಮ.

"ಇಪ್ಪ..." ರಂಗಸ್ವಾಮಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ. ಜೊತೆಗಾರ, ಮಾತಾಡುವ ಹಾಗಿಲ್ಲ. ಕಣ್ಣಲ್ಲೇ ಕೈ ಮುಗಿದ.

ಅವಳು ಕಳಾವರ್ ರಾಣಿಯನ್ನು ಹಿತ್ತಾಳೆ ಲೋಟದ ಕೆಳಗೆ ಮಲಗಿಸಿದಳು. ಮಿಕ್ಕ ನಾಲ್ಕೆಲೆ ಬಂತು. ಅದರಲ್ಲಿ ಕಳಾವರ್ ರಾಜ ಇದ್ದ.

ಅವಳು ಇಸ್ಪೇಟು ಗುಲಾಮ ಇಳಿಸಿದಳು. ಇಸ್ಪೇಟು ಇಲ್ಲದ ಪ್ರೇಮ್‌ಕುಮಾರ್ ತುರುಪು ತೆಗೆಸಿದ. ರಾಣಿ ಎದ್ದಳು. ಅವರದೇ ಕಾನೂನು, ಹೊಡೆಯಲೇಬೇಕು. ತನ್ನ ಹತ್ತಿರವಿದ್ದ ಒಂದೇ ತುರುಪು, ಕಳಾವರ್ ಒಂಬತ್ತು, ಇಳಿಸಿ ಗುಲಾಮನನ್ನು ಎತ್ತಿಕೊಂಡ. ಐದು ಅಂಕ ಹೋಯಿತು. ರಂಗಸ್ವಾಮಿಯ ಕೈ ತನಗೇ ತಿಳಿಯದೆ ಕಿವಿಯ ಕಡೆ ಹೋಯಿತು, ಬಾಳೆನಾರಿನ ಜಾಗ ಸವರಲು.

ಮುಂದಿನ ಸುತ್ತು ದೇವೀರಮ್ಮ ಗೆದ್ದಳು. ಗೆದ್ದು, ಕೈಯೊಳಗಿಂದ ಎರಡೆಲೆ ತೆಗೆದು ಚಾಪೆಯ ಮೇಲೆ ಮಗ್ಗುಲು ಮಗ್ಗುಲಾಗಿ ಇಟ್ಟಳು. ತುರುಪಿನ ರಾಜ. ತುರುಪಿನ ರಾಣಿ.

ಮಾದಪ್ಪ ಹಣೆ ಚಚ್ಚಿಕೊಂಡ. "ಜೋಡಿ! ಇಪ್ಪತ್ತು ಓಗಿ ಅದ್ನಾರು ಆಯ್ತಲ್ಲ ತಾಯಿ!"

"ಇದೇನಮ್ಮಿ ಇದು?" ರಂಗಸ್ವಾಮಿ ಆಟದ ನಿಯಮವನ್ನೇ ಮರೆತು ಕೇಳಿಬಿಟ್ಟ. "ಇವೆರಡೂ ಸೊನ್ನೆ ತಾನೆ?"

"ನಮ್ಮೂರಲ್ಲಿ ಗಂಡ ಎಂಡ್ತಿ ಜೊತೇಲಿ ಕೂತ್ರೆ ನಾಲ್ಕು" ಅಂದಳು ದೇವೀರಮ್ಮ, ಎಲೆ ಎತ್ತಿಕೊಳ್ಳುತ್ತ. "ನಿಮ್ಮೂರಲ್ಲಿ ಎಷ್ಟ್ ದಿನ ಕೂತ್ರೂ ಸೊನ್ನೆ."

ಕೊನೆಯಲ್ಲಿ ಎಣಿಸಿದರೆ ಹದಿನೇಳು. ನರಸೀಪುರದ ಪದ್ಧತಿಯಲ್ಲಿ ಸೋಲು. ಕಳಲೆಯ ಪದ್ಧತಿಯಲ್ಲಿ ಗೆಲುವು, ಅದೂ ಒಂದಂಕ ಮಿಗಿಸಿ. ಮಾದಪ್ಪ ತಾನೇ ಹಿತ್ತಿಲಿಗೆ ಹೋಗಿ ಬಾಳೆನಾರು ಸೀಳಿಕೊಂಡು ಬಂದು, ಬೀಗನ ಮುಂದೆ ಕಿವಿ ಒಡ್ಡಿದ. ಕಟ್ಟುವಾಗ ರಂಗಸ್ವಾಮಿ ಅವನನ್ನು ತಬ್ಬಿಕೊಂಡ. ಕವನ ಈ ಸಲ ಒಂದೇ ಕಡೆಗೆ ಚಪ್ಪಾಳೆ ತಟ್ಟಿದಳು. ಯಾವ ಕಡೆಗೆ ಅಂತ ಅಪ್ಪನಿಗೆ ಹೇಳಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆಂದ! ಗಂಡಸರಿಗೆ ಬುದ್ಧಿ ಬಂತು, ಹೆಂಗಸಿಗೆ ಜಾಗ ಸಿಕ್ಕಿತು ಅಂತ ಬರೆದು ನಾವೂ ನೀವೂ ಎಲೆಯಡಿಕೆ ಹಾಕಿಕೊಂಡು ಮಲಗಬಹುದಿತ್ತು. ನಡೆದದ್ದು ಬೇರೆ. ನರಸೀಪುರದಲ್ಲಿ ರಂಗಸ್ವಾಮಿ ಡೈರಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಸಿಕ್ಕಿದವರಿಗೆಲ್ಲ ಆ ಆಟದ ವರದಿ ಒಪ್ಪಿಸಿದ. "ಇಪ್ಪತ್ತು ಕೂಗುದ್ವಿ ನೋಡು, ಬೀಗನ್ ಕಿವಿಗ್ ನಾರು!" ಕೂಗುದ್ವಿ ಅಂತೆ. ಮೂರನೇ ದಿನಕ್ಕೆ ಅದು "ಕೂಗ್ದೆ" ಆಗಿತ್ತು.

ಭಾನುವಾರ ಬಂತು. ಜಗಲಿಯ ಮೇಲೆ ಈಚಲು ಚಾಪೆ ಬಿತ್ತು. ರಂಗಸ್ವಾಮಿ, ಹೊಟ್ಟೆ ಸುಧಾರಿಸಿಕೊಂಡ ಚಂದ್ರಶೇಖರ್, ಬೀದಿಯ ಇನ್ನಿಬ್ಬರು. ಎಲೆ ಕಲಸಿದರು. ತುರುಪು ತೊಡೆಯ ಕೆಳಗೆ ಹೋಯಿತು. ರಂಗಸ್ವಾಮಿ ಹಿಂದಕ್ಕೆ ತಿರುಗದೇ ಕೂಗಿದ.

"ಅಮ್ಮೀ, ಕಾಫಿ!"

ದೇವೀರಮ್ಮ ಹೊರಗೆ ಬಂದಳು. ಕೈಯಲ್ಲಿ ತಟ್ಟೆ ಇರಲಿಲ್ಲ. ಕಂಕುಳಲ್ಲಿ ಸುತ್ತಿದ ಚಾಪೆ, ಒಂದು ಕೈಯಲ್ಲಿ ಹೊಸ ಇಸ್ಪೀಟು ಕಟ್ಟು, ಇನ್ನೊಂದರಲ್ಲಿ ಹಿತ್ತಾಳೆ ಲೋಟ. ಗಂಡಸರ ಚಾಪೆಯ ಪಕ್ಕದಲ್ಲೇ, ಅದೇ ಜಗಲಿಯ ಮೇಲೆ, ತನ್ನ ಚಾಪೆ ಹಾಸಿ ಕೂತಳು. ಏಳಕ್ಕಿಂತ ಕೆಳಗಿನ ಎಲೆಗಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟು, ಮೂವತ್ತೆರಡನ್ನು ಕಲಸತೊಡಗಿದಳು.

"ಕವನಾ, ಬಾ ಮಗ ಇಲ್ಲಿ."

ಸೊಸೆ ಬಾಗಿಲು ದಾಟಿ ಬಂದು ಹಿಂಜರಿಯುತ್ತ ಎದುರಿಗೆ ಕೂತಳು. ಗಂಡಸರ ಚಾಪೆಯಲ್ಲಿ ಎಲೆ ಬೀಳುವುದು ನಿಂತಿತ್ತು.

ದೇವೀರಮ್ಮ ಆ ಮನೆಗೆ ಬಂದ ದಿನದಿಂದ ತನ್ನನ್ನು ಯಾರೂ ಕೇಳದಿದ್ದ ಮಾತನ್ನು ಕೇಳಿದಳು.

"ನಿಮ್ಮನೇಲಿ ಹೆಂಗೆ? ಜೋಡಿಗೆ ಎಷ್ಟು?"

"ನಾಲ್ಕು, ಅತ್ತೆ. ಆದ್ರೆ ನಮ್ಮಜ್ಜಿ ಆಡ್ವಾಗ ಐದು ಅಂತಿದ್ರು."

"ಅಜ್ಜೀನೂ ಆಡ್ತಿದ್ರಾ? ಹಂಗಾದ್ರೆ ಐದೇ ಇರ್ಲಿ."

ಅತ್ತೆ ಸೊಸೆ ನಕ್ಕರು. "ಕಾಫಿ?" ಅಂದ ರಂಗಸ್ವಾಮಿ, ಈ ಸಲ ಸಣ್ಣ ದನಿಯಲ್ಲಿ. "ಹಾಲು ಒಲೆ ಪಕ್ಕ ಐತೆ, ಪುಡಿ ಮೇಲ್ಗಡೆ ಹಲಗೇಲಿ" ಅಂದಳು ದೇವೀರಮ್ಮ, ಎಲೆಗಳಿಂದ ಕಣ್ಣೆತ್ತದೆ. ಕಲಸಿ, ಕಟ್ಟನ್ನು ಚಾಪೆಯ ನಡುವೆ ಇಟ್ಟು, ಬೀದಿಯ ಬಾಗಿಲುಗಳ ಕಡೆ ನೋಡುತ್ತ ಕೂತಳು. ಆಟಕ್ಕೆ ನಾಲ್ಕು ಜನ ಬೇಕು. ಇನ್ನೂ ಎರಡು ಜಾಗ ಖಾಲಿ.

ಅಲ್ಲಿಗೆ ಬರಬೇಕಾದವಳು ಈಗ ನಿಮ್ಮ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾಳೆ. ಎದ್ದು ಒಳಗೆ ಹೋಗಿ. ಅವಳ ತವರಿನ ಪದ್ಧತಿ ಏನೆಂದು ಕೇಳಿ. ಸೋಸುವ ಬಟ್ಟೆ ನೀವು ಇಸಿದುಕೊಳ್ಳಿ, ಅವಳ ಮುಂದೆ ಎಂಟೆಲೆ ಹಾಕಿ.